ಎರವಲು ಕೈಗವುಸು

ಇಳಿತದ ಹೊತ್ತಿನಲ್ಲಿ ಮಲ್ಪೆಯ ಕಡಲತಡಿಯ ಹಸಿಮರಳು ಸಾರಿಸಿದ ಅಂಗಳದಂತೆ ಗಟ್ಟಿಯಾಗುತ್ತದೆ. ಹುಡುಗರು ಮೂರು ಕೋಲು ನೆಟ್ಟು ಕ್ರಿಕೆಟ್ ಹೂಡುವುದು ಆಗಲೇ. ಎಲ್ಲರಿಗೂ ಬ್ಯಾಟು ಬೇಕು. ಅದು ದೊರೆಯದವರಿಗೆ ಚೆಂಡಾದರೂ ಬೇಕು. ಕೋಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರಲು ಮಾತ್ರ ಯಾರೂ ಒಲ್ಲರು. ತಪ್ಪಿದ ಚೆಂಡು ತೆರೆಯ ಪಾಲಾದರೆ ಮೊಳಕಾಲುದ್ದ ನೀರಿನಲ್ಲಿ ಓಡಬೇಕಾದವನು ಅವನೇ. ಅವನು ಹಿಡಿದುದನ್ನು ಯಾರೂ ಎಣಿಸುವುದಿಲ್ಲ; ಬಿಟ್ಟುದನ್ನು ಯಾರೂ ಮರೆಯುವುದಿಲ್ಲ.

ಇದೇ ತಡಿಯನ್ನು ಹಿಡಿದು ತೆಂಕಣಕ್ಕೆ ಸಾಗಿದರೆ ಕಾಪುವಿನ ದೀಪಸ್ತಂಭ, ಪಡುಬಿದ್ರಿ, ಬಳಿಕ ಶಾಂಭವಿ ನದಿ, ಅದರಾಚೆ ಮುಲ್ಕಿ. 1939ರ ಅಕ್ಟೋಬರ್ 2ರಂದು ಅಲ್ಲಿ ಹುಟ್ಟಿದ ಬುಧಿಸಾಗರ ಕೃಷ್ಣಪ್ಪ ಕುಂದರನ್, ಯಾರೂ ಒಲ್ಲದ ಆ ಜಾಗಕ್ಕಾಗಿಯೇ ತನ್ನ ಯೌವನವನ್ನೆಲ್ಲ ಸವೆಸಿದ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಒಂದು ಬಗೆಯ ಆಟಗಾರರಿದ್ದಾರೆ. ದೊಡ್ಡ ತಂಡದಲ್ಲಿ ಯಾರಾದರೊಬ್ಬರಿಗೆ ಗಾಯವಾದಾಗ ಅವರಿಗೆ ಕರೆ ಬರುತ್ತದೆ. ಗಾಯ ಮಾಯ್ದೊಡನೆ ಮತ್ತೆ ಸಣ್ಣ ಊರಿನ ಸಣ್ಣ ಮೈದಾನಕ್ಕೆ ಗಂಟು ಕಟ್ಟಬೇಕು. ಕುಂದರನ್‌ನನ್ನು ಆ ಸಾಲಿನಲ್ಲಿ ಕೂರಿಸಿದರೆ ಬಲ್ಲವರು ಮುನಿದಾರು. 18 ಟೆಸ್ಟುಗಳನ್ನು ಆಡಿದವನು ಆ ವರ್ಗದವನೇ? ಅಲ್ಲ, ನಿಜ. ಆದರೆ ಆ 18 ಟೆಸ್ಟುಗಳು ಒದಗಿಬಂದ ರೀತಿಯನ್ನು ವಾಚಕರು ಗಮನಿಸಬೇಕು.

ಕರಾವಳಿಯ ಎಷ್ಟೋ ಸಂಸಾರಗಳಂತೆ ಅವನದೂ ಮುಂಬಯಿ ಸೇರಿತ್ತು. 1960ರ ಜನವರಿಯಲ್ಲಿ ಆಸ್ಟ್ರೇಲಿಯದೆದುರು ಅಲ್ಲಿಯೇ ಮೊದಲ ಟೆಸ್ಟ್ ಆಡುವಾಗ ಅವನು ಇಪ್ಪತ್ತರ ತರುಣ. ಒಂದು ರಣಜಿ ಪಂದ್ಯವನ್ನೂ ಅದುವರೆಗೆ ಆಡಿರಲಿಲ್ಲ. ಒಂದೇ ಕೋಣೆಯ ಮನೆ ಕಿಕ್ಕಿರಿದಿದ್ದುದರಿಂದ ಹಿಂದಿನ ರಾತ್ರಿ ಹತ್ತಿರದ ತೋಟದಲ್ಲಿ ಮಲಗಿದ್ದನೆಂದೂ, ಸ್ವಂತ ಕೈಗವುಸಿಲ್ಲದೆ ನರೇನ್ ತಮ್ಹಾನೆಯವರಿಂದ ಎರವಲು ಪಡೆದನೆಂದೂ ಕ್ರಿಕೆಟ್ ಬಳಗದಲ್ಲಿ ಇಂದಿಗೂ ಹೇಳುತ್ತಾರೆ. ತಮ್ಹಾನೆಯೂ ಅದೇ ಸ್ಥಾನದ ಆಟಗಾರ! ತನ್ನ ಜಾಗಕ್ಕೆ ಬಂದ ಹುಡುಗನಿಗೆ ತನ್ನದೇ ಕೈಗವುಸು ಕೊಡಬಲ್ಲ ಮನಸ್ಸು ಎಷ್ಟು ಜನಕ್ಕಿದ್ದೀತು? ಮುಂದಿನ ಟೆಸ್ಟಿನಲ್ಲಿ, ಮದರಾಸಿನಲ್ಲಿ, ತಂಡ 149ಕ್ಕೆ ಉರುಳಿದಾಗ ಕುಂದರನ್ ಒಬ್ಬನೇ 71 ಹೊಡೆದ. ಆಮೇಲೆ ರೈಲ್ವೆ ತಂಡದ ಪರ ಮೊದಲ ರಣಜಿ ಪಂದ್ಯ ಆಡಿ 205.

ಇಷ್ಟಾದರೂ ಜಾಗ ಅವನದಾಗಲಿಲ್ಲ. 1961ರ ಡಿಸೆಂಬರಿನಲ್ಲಿ ಫರೂಕ್ ಇಂಜಿನಿಯರ್ ಬಂದ; ಅಲ್ಲಿಂದಾಚೆಗೆ ಇಬ್ಬರ ಸರದಿಯೂ ಉಬ್ಬರವಿಳಿತದ ಹಾಗಾಯಿತು. 1964ರ ಜನವರಿಯಲ್ಲಿ ಮತ್ತೆ ಮದರಾಸು, ಎದುರಿಗೆ ಇಂಗ್ಲೆಂಡ್. ಮೊದಲ ದಿನದ ಆಟ ಮುಗಿದಾಗ ಕುಂದರನ್ ಔಟಾಗದೆ 170. ಮರುದಿನ 192ಕ್ಕೆ ನಿಂತ. ಭಾರತದ ವಿಕೆಟ್ ಕೀಪರನೊಬ್ಬ ಟೆಸ್ಟಿನಲ್ಲಿ ಆ ಮೊತ್ತವನ್ನು ದಾಟಲು 2013ರವರೆಗೆ ಕಾಯಬೇಕಾಯಿತು. ಅದೇ ಊರಿನಲ್ಲಿ ಧೋನಿ 224 ಹೊಡೆದ. ಆ ಸರಣಿಯಲ್ಲಿ ದೆಹಲಿಯ ಶತಕವೂ ಸೇರಿ ಕುಂದರನ್ ಗಳಿಸಿದ್ದು 525 ರನ್.

ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ಬಂದಾಗ ಕೋಲಿನ ಹಿಂದೆ ಕುಳಿತವನು ಇಂದ್ರಜಿತ್‌ಸಿಂಹಜಿ. 525 ರನ್ ಹೊಡೆದವನು ಹೊರಗೆ! ಆಯ್ಕೆಯವರ ತರ್ಕ ಅವರಿಗೇ ತಿಳಿಯಬೇಕು.

1966ರ ಕೊನೆಗೆ ವೆಸ್ಟ್ ಇಂಡೀಸ್ ವಿರುದ್ಧ ಮರಳಿ ಕರೆ ಬಂತು. ಮುಂಬಯಿಯಲ್ಲಿ 79 ಹೊಡೆದ. ಎರಡು ಟೆಸ್ಟುಗಳ ತರುವಾಯ ಮತ್ತೆ ಇಂಜಿನಿಯರ್. 1967ರ ಇಂಗ್ಲೆಂಡ್ ಪ್ರವಾಸದಲ್ಲಂತೂ ಕೈಗವುಸು ಇಂಜಿನಿಯರನದು, ಕುಂದರನ್ ಬರಿಯ ಬ್ಯಾಟುಗಾರ. ಬರ್ಮಿಂಗ್‌ಹ್ಯಾಮಿನಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದರು. ಹೊಸ ಚೆಂಡಿಗೆ ಕೈಯೇ ಸಾಲದು. ಆರಂಭದ ಬೌಲಿಂಗನ್ನು ಕುಂದರನ್ ಕೈಗೇ ಇತ್ತರು. ಏನು ಬೌಲ್ ಮಾಡುತ್ತೀ ಎಂದು ನಾಯಕ ಪಟೌಡಿ ಕೇಳಿದಾಗ, ತನಗೂ ಗೊತ್ತಿಲ್ಲವೆಂದನಂತೆ. ಅದೇ ಅವನ ಕಡೆಯ ಟೆಸ್ಟ್. ಆಗಿನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ.

ಮೈಸೂರು ತಂಡಕ್ಕೆ ರಣಜಿ ಆಡಿದ್ದ ಕುಂದರನ್ ಬಳಿಕ ಸ್ಕಾಟ್ಲೆಂಡಿಗೆ ಹೋದ. ಗ್ಲಾಸ್ಗೋದ ಮೂಡಣಕ್ಕೆ ಕೋಟ್‌ಬ್ರಿಜ್ ಎಂಬ ಊರು. ಅಲ್ಲಿ ಡ್ರಂಪೆಲಿಯರ್ ಎಂಬ ಕ್ಲಬ್ಬಿನಲ್ಲಿ ಸಂಬಳದ ಆಟಗಾರನಾದ. ಅಂಥ ಕ್ಲಬ್ಬಿನಲ್ಲಿ ಸಂಬಳ ಪಡೆಯುವವನು ಒಬ್ಬನೇ. ಉಳಿದವರು ವಾರವೆಲ್ಲ ಬೇರೆ ದುಡಿಮೆ ಮಾಡಿ ಶನಿವಾರ ಬಿಳಿಯುಡುಪು ತೊಡುವವರು. ಆ ಒಬ್ಬನು ರನ್ ಹೊಡೆಯಬೇಕು, ಹುಡುಗರಿಗೆ ಪಾಠ ಹೇಳಬೇಕು, ಮಳೆ ಬಂದರೆ ಎಲ್ಲರೊಡನೆ ಕಾಯಬೇಕು. ಅಲ್ಲಿಯ ಮಳೆ ಮಲ್ಪೆಯದರಂತೆ ಅಬ್ಬರಿಸುವುದಿಲ್ಲ, ಜಿನುಗುತ್ತದೆ, ಬಿಡುವುದಿಲ್ಲ. ನಾಲ್ವತ್ತು ದಾಟಿದ ಮೇಲೆ, 1980ರ ದಶಕದಲ್ಲಿ, ಸ್ಕಾಟ್ಲೆಂಡಿನ ಪರವಾಗಿ ಇಂಗ್ಲೆಂಡಿನ ಕೌಂಟಿಗಳೆದುರು ಬೆನ್ಸನ್ ಅಂಡ್ ಹೆಜಸ್ ಪಂದ್ಯಗಳನ್ನೂ ಆಡಿದ.

ಭಾರತಕ್ಕಾಗಿ ಆಡಿದ ಕಾಲ ಏಳೆಂಟು ವರ್ಷ, ಅದೂ ಬಿಟ್ಟು ಬಿಟ್ಟು. ಡ್ರಂಪೆಲಿಯರಿನ ನಂಟು ಅದಕ್ಕಿಂತ ಬಹಳ ದೀರ್ಘವಾದದ್ದು. ಅಲ್ಲಿ ಅವನ ಹೆಸರು ತಂಡದ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಪತ್ರಿಕೆ ಬಿಡಿಸಿ ನೋಡಬೇಕಾಗಿರಲಿಲ್ಲ. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡಾಗ ಕುಂದರನ್‌ಗೆ 66 ವರ್ಷ.