ಕಪಾಟಿನೊಳಗಿನ ಜೂಜು

ಜೂಜಿನ ಸಾಮಾನು ಕೂಡಿಹಾಕುವ ಚಟ ನನಗುಂಟು, ಆಡುವ ಚಟವಿಲ್ಲ. ಇದನ್ನು ಬೀಗರಿಗೆ ನಂಬಿಸುವುದು ಕಷ್ಟ. ಕಪಾಟಿನ ಗಾಜಿನ ಹಿಂದಿರುವ ಪಗಡೆ ದಾಳ, ಕವಡೆ, ದುಂಡನೆಯ ಗಂಜೀಫಾ ಎಲೆ, ಹಳೇ ಲಾಟರಿ ಟಿಕೀಟಿನ ಕಟ್ಟು ಎಲ್ಲವನ್ನೂ ಒಮ್ಮೆ ದಿಟ್ಟಿಸಿ, ದನಿ ತಗ್ಗಿಸಿ, "ಹೊಲಾ ಮನಿ ಎಲ್ಲಾ ಅದಾವಲ್ರಿ?" ಎಂದು ನನ್ನ ಹೆಂಡತಿಯನ್ನು ಕೇಳುತ್ತಾರೆ.

ಕೇಳಲಿ ಬಿಡಿ. ಧರ್ಮರಾಯ ಹೊಲ ಮನೆ ಹೆಂಡತಿ ಸಮೇತ ಸೋತ ಕಥೆಯನ್ನು ಕನ್ನಡಕ್ಕೆ ಕೊಟ್ಟವರೂ ನಮ್ಮ ಸೀಮೆಗೆ ಸೇರಿದವರೇ. 941ರಲ್ಲಿ ಭಾರತ ಬರೆದ ಪಂಪನ ತಾಯಿಯ ತವರು ಅಣ್ಣಿಗೇರಿ, ಕುಮಾರವ್ಯಾಸ ಕೋಳಿವಾಡದವನು. ಇನ್ನೂ ಹಿಂದಕ್ಕೆ ಹೋದರೆ ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬ ತನ್ನ ಗೋಳು ಹೇಳಿಕೊಳ್ಳುತ್ತಾನೆ. ಅವನನ್ನು ಕೆಡಿಸಿದ್ದು ತಾರೆಕಾಯಿ. ಕಲಘಟಗಿ ಅಡವಿಯ ಕಡೆಯಿಂದ ಒಂದು ಬೊಗಸೆ ತಾರೆಕಾಯಿ ತಂದು ವೇದಕಾಲದ ದಾಳವೆಂದು ಕಪಾಟಿನಲ್ಲಿಟ್ಟಿದ್ದೆ. ಹೆಂಡತಿ ಕೆಮ್ಮಿಗೆ ಒಳ್ಳೆಯದೆಂದು ಅವುಗಳಲ್ಲಿ ಕೆಲವನ್ನು ಕುಟ್ಟಿ ಜೇನಿನಲ್ಲಿ ಕಲಸಿಬಿಟ್ಟಳು.

ಪಗಡೆ ದಾಳಗಳೇ ನನ್ನ ಪ್ರೀತಿಯವು. ಉದ್ದನೆಯ, ನಾಲ್ಕೇ ಮುಖದ ದಾಳ. ತುದಿಯ ಮೇಲೆ ನಿಲ್ಲದ್ದರಿಂದ ಆ ಎರಡು ಮುಖಕ್ಕೆ ಅಂಕಿಯೇ ಇಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಒಂದು ಜೋಡಿ ತೋರಿಸಿ "ಆನಿದಂತದ್ದು" ಎಂದರು. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಕಪ್ಪು ರಂಧ್ರ ಕಂಡವು. ದಂತವಾಗಿದ್ದರೆ ಕೊಯ್ದ ತುದಿಯಲ್ಲಿ ಒಂದನ್ನೊಂದು ಹಾಯುವ ಗೆರೆಗಳಿರಬೇಕಿತ್ತು. ಬರೀ ಎಲುಬು. ನನಗೆ ಸಂತೋಷವೇ ಆಯಿತು, ಯಾಕೆಂದರೆ ವನ್ಯಜೀವಿ ಕಾಯ್ದೆಯ ಪ್ರಕಾರ ಆನೆದಂತ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಎಲುಬಿನ ದರಕ್ಕೆ ತಂದೆ. ಸಾವಂತವಾಡಿಯ ದಶಾವತಾರ ಗಂಜೀಫಾದಲ್ಲಿ ಮಾತ್ರ ಈ ಉಪಾಯ ನಡೆಯಲಿಲ್ಲ. ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಪೂರಾ ಕಟ್ಟಿನ ಬೆಲೆ ಕೇಳಿ ಮತ್ಸ್ಯ, ಕೂರ್ಮಗಳ ಕೆಲವು ಬಿಡಿ ಎಲೆಗೇ ಸಮಾಧಾನಪಟ್ಟೆ.

ದಾಳಕ್ಕೆ ಹಾಸು ಬೇಕಲ್ಲ? ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮೇಲೆ ನೇಯುವ ಜಮಖಾನದಲ್ಲಿ ನವಿಲಿನ ಜೊತೆ ಪಗಡೆ ಹಾಸಿನ ನಮೂನೆಯೂ ಉಂಟು. "ಇದರ ಮ್ಯಾಲ ಆಡಬಹುದೇನ್ರಿ?" ಎಂದು ಕೇಳಿದೆ. "ಆಡ್ರಿ, ಯಾರ ಬ್ಯಾಡಂತಾರ? ಚಾ ಅಷ್ಟ ಚೆಲ್ಲಬ್ಯಾಡ್ರಿ" ಅಂದರು ನೇಯುವಾಕೆ.

ಕವಡೆ ನಮ್ಮ ಆಯಿಯವು. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಕವಡೆ ನಾಣ್ಯದ ಹಾಗೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಿಲ್ಲ. ಒಂದೊಂದರ ಬೆನ್ನಿನ ಉಬ್ಬು ಒಂದೊಂದು ತರ. ಆಯಿ ಆ ಸ್ವಭಾವವನ್ನೆಲ್ಲ ಅರಿತಿದ್ದಳು. ನಾಗರಪಂಚಮಿಗೆ ಗಂಡಸರು ಊರ ಹೊರಗೆ ನಿಂಬಿಹಣ್ಣು ಒಗೆಯುವ ಪಣಕ್ಕೆ, ಆಮೇಲೆ ಇಸ್ಪೀಟಿಗೆ ಹೋದರೆ, ಇವಳು ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಸೊಸೆಯಂದಿರ ಶೇಂಗಾ ಉಂಡಿಗಳನ್ನೆಲ್ಲ ಗೆದ್ದುಕೊಳ್ಳುತ್ತಿದ್ದಳು. ಸಂಜೆಗೆ ಅವೇ ಉಂಡಿ ಮೊಮ್ಮಕ್ಕಳ ಪಾಲು.

ನಮ್ಮ ದೊಡ್ಡಪ್ಪ ಆಡಿದ್ದು ಓಸಿ. ಅದರ ಹುಟ್ಟು ಹತ್ತಿಯಲ್ಲಿ. ನ್ಯೂಯಾರ್ಕಿನಿಂದ ಮುಂಬಯಿಯ ಹತ್ತಿ ಪೇಟೆಗೆ ತಂತಿಯಲ್ಲಿ ಬರುತ್ತಿದ್ದ ಅರಳೆಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. ಚಟ ನಿಲ್ಲಲಿಲ್ಲ, ಗಡಿಗೆಯೊಳಗಿಂದ ಚೀಟಿ ಎತ್ತಿ ಅಂಕಿ ಹುಟ್ಟಿಸಿದರು. ಹೀಗೆ ನಮ್ಮ ಎರಿ ಹೊಲದಲ್ಲಿ ಜಯಧರ ಹತ್ತಿ ಬಿಡಿಸಿ, ಅಡತಿ ಅಂಗಡಿಯಲ್ಲಿ ತೂಗಿಸಿ ತಂದ ರೊಕ್ಕ, ಹತ್ತಿಯಿಂದಲೇ ಹುಟ್ಟಿದ ಆಟಕ್ಕೆ ಹೋಯಿತು. ಹಿಂದೆಯೇ ಎರಡು ಎಕರೆ ಹೊಲವೂ ಹೋಯಿತು. ಲಾಟರಿಯನ್ನಾದರೂ ಸರಕಾರ 2007ರಲ್ಲಿ ನಿಲ್ಲಿಸಿತು, ನನ್ನ ಕಪಾಟಿಗೆ ಟಿಕೀಟು ಉಳಿದವು. ದೊಡ್ಡಪ್ಪನ ಓಸಿಯದು ಒಂದು ಚೀಟಿಯೂ ಇಲ್ಲ. ಬೀಡಿ ಸೇದುತ್ತಾ ಅಂಕಿ ಹೇಳುತ್ತಿದ್ದ, ಪಟ್ಟಿಯವನು ಬರೆದುಕೊಳ್ಳುತ್ತಿದ್ದ, ಮರುದಿನ ಹರಿದೊಗೆಯುತ್ತಿದ್ದ. ಹೊಲ ನುಂಗಿದ ಆಟಕ್ಕೆ ಕಪಾಟಿನಲ್ಲಿಡಲು ಆಕಾರವೇ ಇಲ್ಲ. ಉಂಡಿ ಗೆದ್ದ ಕವಡೆ ಮಾತ್ರ ಫಳಫಳ ಹೊಳೆಯುತ್ತಿವೆ.

ನಿಜವಾದ ಸಂಗ್ರಾಹಕರು ಪೊಲೀಸರು. 1963ರ ಪೊಲೀಸ್ ಕಾಯ್ದೆಯ ಕಲಂ 87ರಡಿ ಹಿಡಿದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಯಾದಿ ಒಂದೇ: ಇಸ್ಪೀಟು ಎಲೆ 52, ಹಾಸಿದ ಹಳೇ ಪೇಪರು, ಇಷ್ಟು ನಗದು. ನಮ್ಮ ಓಣಿಯ ನಿವೃತ್ತ ಹವಾಲ್ದಾರರನ್ನು ಕೇಳಿದೆ: ಆ ಮುದ್ದೆಮಾಲು ಎಲ್ಲಿ ಹೋಗತೈತ್ರಿ?

"ರೊಕ್ಕ ಸರಕಾರಕ್ಕ ಜಮಾ. ಎಲಿ ಕೋರ್ಟಿನ ಹುಕುಂ ಆದಮ್ಯಾಲ ಸುಡೂದು."

"ಒಂದ ಕಟ್ಟರ ಇಟಗೋಬೇಕಿತ್ತಲ್ರಿ."

"ಯಾಕ್ರಿ ಸರ? ಸಂಜೀಕ ಅಂಗಡ್ಯಾಗ ಹೊಸಾವು ಬಂದಿರತಿದ್ವು."