ಮೊದಲ ಓಟದ ಸೈಕಲ್ಲು

ದಾನವು ಕೊಡುವವರ ಹಿರಿಮೆಯನ್ನಲ್ಲ, ಪಡೆಯುವವರ ಅಗತ್ಯವನ್ನು ನೋಡಿ ನಡೆಯಬೇಕೆಂಬುದು ಮಠದ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದವರಿಗೆ ಹೊಸ ಮಾತಲ್ಲ. ಹಸಿವು ನೋಡಿ ಬಡಿಸುವ ಆ ನೀತಿಯು ಸೈಕಲ್ಲಿನ ಆಯ್ಕೆಗೂ ಸಲ್ಲುತ್ತದೆ.

ವಿಜಯಪುರ, ಬಾಗಲಕೋಟೆ ಸೀಮೆಗಳು ಸೈಕಲ್ ಪಟುಗಳಿಗೆ ಹೆಸರಾದ ನೆಲ. ಇಪ್ಪತ್ತು ಕಿಲೋ ತೂಗುವ ಸೈಕಲ್ಲನ್ನು ತುಳಿದು ವಿದ್ಯೆ ಕಲಿತ ಆ ಸೀಮೆಯ ಹಿರಿಯರೊಬ್ಬರು, ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ರೈತನ ಮಗಳೊಬ್ಬಳಿಗೆ ಓಟದ ಸೈಕಲ್ಲು ಕೊಡಿಸಲು ನಿಶ್ಚಯಿಸಿದರು. ಅಂಗಡಿಯಲ್ಲಿ ಎರಡು ಸೈಕಲ್ಲುಗಳು ಕಣ್ಣಿಗೆ ಬಿದ್ದವು. ಎರಡೂ ಅಲ್ಯುಮಿನಿಯಮ್ಮಿನವು; ತೂಕ ಹತ್ತು ಕಿಲೋ ಆಸುಪಾಸು. ಒಂದಕ್ಕೆ ಶಿಮಾನೊ ಕಂಪನಿಯ ‘ಸೋರಾ’ ಗೇರು, ಹಿಂದೆ 9 ಹಲ್ಲುಚಕ್ರ. ಚೌಕಟ್ಟಿನ ಅಳತೆ 56 ಸೆಂಟಿಮೀಟರ್. ಇನ್ನೊಂದಕ್ಕೆ ಅದೇ ಕಂಪನಿಯ ಕೆಳದರ್ಜೆಯ ‘ಕ್ಲಾರಿಸ್’, 8 ಹಲ್ಲುಚಕ್ರ, ಅಳತೆ 50.

ಹಿರಿಯರ ಮನಸ್ಸು ಮೊದಲನೆಯದಕ್ಕೆ ಒಲಿಯಿತು. ಬೆಳೆಯುವ ಮಗುವಿಗೆ ಅಂಗಿಯನ್ನು ಸಡಿಲಾಗಿಯೇ ಹೊಲಿಸುವುದಿಲ್ಲವೇ? ಬಾಲಕಿಯನ್ನು ಕೇಳಿದರೆ, “ಯಾವುದಾದರೂ ನಡೀತದರಿ ಸರ” ಎಂದಳು. ದಾನ ಪಡೆಯುವವರ ಸಂಕೋಚವು ಹೀಗೆಯೇ ಮಾತನಾಡುತ್ತದೆ. ಅದನ್ನು ಒಪ್ಪಿಗೆಯೆಂದು ತಿಳಿಯಲಾಗದು.

ಜೊತೆಗಿದ್ದ ದೈಹಿಕ ಶಿಕ್ಷಕರು ಬಾಲಕಿಯನ್ನು ಗೋಡೆಗೆ ನಿಲ್ಲಿಸಿ ಕಾಲಿನ ಒಳ ಅಳತೆ ತೆಗೆದರು: 74 ಸೆಂಟಿಮೀಟರ್. ರೂಢಿಯ ಲೆಕ್ಕದಂತೆ ಅದನ್ನು 0.67ರಿಂದ ಗುಣಿಸಿದರೆ ಚೌಕಟ್ಟು ಸುಮಾರು 50, 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ಅಚ್ಚಿನಿಂದ ಸೀಟಿನ ಎತ್ತರ ಸುಮಾರು 65. ಚೌಕಟ್ಟು ದೊಡ್ಡದಾದರೆ ಹ್ಯಾಂಡಲ್ಲು ದೂರವಾಗಿ ಬೆನ್ನು, ಕುತ್ತಿಗೆಗಳು ನೋಯುತ್ತವೆ. ಸೀಟು ತಗ್ಗಾದರೆ ಮೊಣಕಾಲಿಗೆ ಭಾರ. ಎತ್ತರವಾದರೆ ಸೊಂಟ ಅತ್ತಿತ್ತ ಹೊಯ್ದಾಡುತ್ತದೆ. ಅಂಗಿಯ ಸಡಿಲು ನೋಯಿಸದು. ಸೈಕಲ್ಲಿನ ಸಡಿಲು ಹದಿನಾಲ್ಕರ ಎಳೆಯ ಮೈಯನ್ನು ಕೆಡಿಸಬಲ್ಲದು.

ಮೇಲುದರ್ಜೆಯ ಗೇರಿನಿಂದ ಬರುವ ಲಾಭವನ್ನೂ ಶಿಕ್ಷಕರು ಎಣಿಸಿದರು. ಎರಡರಲ್ಲಿಯೂ ಮುಂದಿನ ಚಕ್ರಗಳಿಗೆ 50 ಮತ್ತು 34 ಹಲ್ಲು. ಹಿಂದಿನವಕ್ಕೆ 11ರಿಂದ 32. ಏರಿನಲ್ಲಿ ಒಂದು ತುಳಿತಕ್ಕೆ ಸುಮಾರು ಎರಡೂಕಾಲು ಮೀಟರ್, ಸಮನೆಲದ ವೇಗದಲ್ಲಿ ಒಂಬತ್ತೂವರೆ ಮೀಟರ್ ಸಾಗುವುದು ಎರಡಕ್ಕೂ ಸಮಾನ. ಸೋರಾದಲ್ಲಿ ನಡುವೆ ಒಂದು ಮೆಟ್ಟಿಲು ಹೆಚ್ಚು, ಅಷ್ಟೆ.

ಹಿರಿಯರು ಕ್ಷಣಕಾಲ ಸುಮ್ಮನಿದ್ದು ಚಿಕ್ಕ ಸೈಕಲ್ಲನ್ನೇ ಕೊಂಡರು. ಉಳಿದ ಹಣದಲ್ಲಿ ಹೆಲ್ಮೆಟ್ಟು, ಪಂಪು, ಎರಡು ಟ್ಯೂಬು, ನಮ್ಮ ಒರಟು ರಸ್ತೆಗಳಿಗೊಪ್ಪುವ 28 ಮಿಲಿಮೀಟರ್ ಅಗಲದ ಟಾಯರುಗಳು ಬಂದವು. “ಎರಡು ವರ್ಷದಲ್ಲಿ ಇವಳು ಬೆಳೆದರೆ?” ಎಂಬ ಅವರ ಕೊನೆಯ ಶಂಕೆಗೆ ಶಿಕ್ಷಕರು, “ಆಗ ಇವಳ ಹಿಂದೆ ಇನ್ನೊಬ್ಬಳು ಕಾದಿರುತ್ತಾಳೆ” ಎಂದರು.

ದಾಸೋಹದಲ್ಲಿ ತಟ್ಟೆಯು ಯಾರೊಬ್ಬರ ಸ್ವತ್ತೂ ಅಲ್ಲ. ಒಬ್ಬರು ಉಂಡು ತೊಳೆದಿಟ್ಟುದನ್ನು ಮತ್ತೊಬ್ಬರು ಕೈಗೆತ್ತಿಕೊಳ್ಳುತ್ತಾರೆ. ಸರಿಯಾದ ಅಳತೆಯ ಸೈಕಲ್ಲಿಗೂ ಅಂಥದೇ ದೀರ್ಘಾಯುಷ್ಯವುಂಟು.