ಹಂಡೆಯ ಬೆಸುಗೆ

ಮೂವತ್ತು ವರ್ಷ ಬಾಲಕರಿಗೆ ಸಂಧಿಪ್ರಕರಣವನ್ನು ಬೋಧಿಸಿದ ನನಗೆ ಲೋಹಗಳ ಸಂಧಿಯನ್ನು ಕಲಿಸಿದುದು ತಾಯಿಯವರ ತಾಮ್ರದ ಹಂಡೆ. ಅದರ ತಳವು ಸೋರಲು, ನಾನು ನಾಲ್ಕು ಕಾಸಿನ ಉಳಿತಾಯಕ್ಕಾಗಿ ತವರ ಸೀಸಗಳ ಬೆಸುಗೆ ಹಾಕಿಸಿದೆನು. ಒಂದು ಮುಂಜಾನೆ ನೀರು ಬತ್ತಿದುದನ್ನು ಯಾರೂ ಗಮನಿಸಲಿಲ್ಲ. ತಾಮ್ರವು ಕರಗಲು 1,085 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆ ಬೆಸುಗೆಯಾದರೋ 183 ಡಿಗ್ರಿಗೇ ಕರಗತೊಡಗುವುದು. ಅದು ಒಲೆಗೆ ಸುರಿಯಿತು. ತವರಿನಿಂದ ತಂದ ಹಂಡೆಯನ್ನು ತಾಯಿಯವರು ಮೌನವಾಗಿ ನೋಡಿದರು. ಆ ಮೌನವೇ ನನಗೆ ದಂಡನೆಯಾಯಿತು.

ವೃದ್ಧ ಕಂಚುಗಾರನೊಬ್ಬನು ಮೊದಲು ಹಳೆಯ ಸೀಸವನ್ನೆಲ್ಲ ಅರದಿಂದ ಉಜ್ಜಿ ತೆಗೆದನು. “ಹಳೆಯದು ಹೋಗದೆ ಹೊಸದು ಹಿಡಿಯದು, ಸ್ವಾಮೀ” ಎಂದನು. ಬಳಿಕ ಬಿಳಿಗಾರವನ್ನು ಹಚ್ಚಿ, ತಾಮ್ರಕ್ಕಿಂತ ಮೊದಲೇ ಕರಗುವ ಹಿತ್ತಾಳೆಯನ್ನು ಇದ್ದಲಿನ ಕೆಂಡದಲ್ಲಿ ಬಿರುಕಿಗೆ ಹರಿಯಿಸಿದನು. ಬಿಳಿಗಾರವು ಕಿಲುಬನ್ನು ಕರಗಿಸದಿದ್ದರೆ ಲೋಹವು ಲೋಹವನ್ನು ಮುಟ್ಟದು.

‘ಮನೆಯನ್ನು’ ಎಂಬಲ್ಲಿ ನಡುವೆ ಬರುವ ಯಕಾರದಂತೆ ಇಲ್ಲಿ ಹಿತ್ತಾಳೆ. ಎರಡು ಅಂಚುಗಳೇ ಕರಗಿ ಒಂದಾಗುವ ವೆಲ್ಡಿಂಗ್ ಆದರೋ ‘ವಿದ್ಯಾಲಯ’ದಂತೆ.

ಗೃಹಸ್ಥರೇ, ಒಲೆಯ ಮೇಲಿಡುವ ಪಾತ್ರೆಗೂ ಅನ್ನದ ಪಾತ್ರೆಗೂ ಸೀಸದ ಬೆಸುಗೆ ಬೇಡ, ಸೀಸವು ವಿಷ. ತಾಯಿಯವರು ಇಂದಿಲ್ಲ. ಹಂಡೆಯು ಇಂದಿಗೂ ಸೋರಿಲ್ಲ.